ಮರವೂ ಮರೆವೂ

ಹೋದ ವರುಷದ ವೈಶಾಖದಲ್ಲಿ, ಸಂಜೆಯ ತಿರುಗಾಟಕ್ಕೆಂದು ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಹೋಗುತ್ತಿದ್ದಾಗ ಹಳೆಯ ಮನೆಯೊಂದನ್ನು ಕೆಡವುತ್ತಿದ್ದುದನ್ನು ಕಂಡೆ. ಬೆಂಗಳೂರಿನಲ್ಲಿ ಇದೇನೂ ಅಪರೂಪದ ನೋಟವಲ್ಲ. ನಿಲ್ಲದೆ ಮುಂದೆ ಹೋಗುವುದೇ ನಮಗೆಲ್ಲ ಅಭ್ಯಾಸವಾಗಿದೆ. ಆದರೆ ಅಂದು ನಿಂತೆ. ಮುಂಭಾಗದ ಜಗಲಿಯ ನಾಲ್ಕು ಮರದ ಕಂಬಗಳನ್ನು ಕಿತ್ತು ರಸ್ತೆಯ ಪಕ್ಕದಲ್ಲಿ ಮಲಗಿಸಿದ್ದರು. ಹಳೆಯ ಮರದ ವ್ಯಾಪಾರಿಯ ಆಳೊಬ್ಬ ಗರಗಸ ಹಿಡಿದು ಪ್ರತಿಯೊಂದು ಕಂಬದ ಬುಡದಿಂದಲೂ ಒಂದೊಂದು ಗೇಣು ಕತ್ತರಿಸಿ ಎಸೆಯುತ್ತಿದ್ದ. ಆ ಒಂದು ಗೇಣು ಮಾತ್ರ ಕೊಳೆತು ಪುಡಿಯಾಗಿತ್ತು. ಅದರ ಮೇಲಿನ ಎಂಟಡಿ ತೇಗ, ಗರಗಸ ಹೊಕ್ಕ ಕಡೆಯಲ್ಲಿ, ನಿನ್ನೆ ಕಡಿದ ಮರದಂತೆ ಹೊಂಬಣ್ಣವಾಗಿ ವಾಸನೆ ಬೀರುತ್ತಿತ್ತು.

ಮನೆಯ ಹಿರಿಯರೊಬ್ಬರು ಗೇಟಿನ ಬಳಿ ನಿಂತಿದ್ದರು. ಕೇಳದೆಯೇ ಹೇಳಿದರು: “ಮರವೆಲ್ಲ ಹಳತಾಗಿ ಹೋಯಿತು ಅಂದರು. ಅದಕ್ಕೇ ಕೊಟ್ಟುಬಿಟ್ಟೆವು.”

ನೆಲದ ಬೆಲೆಯ ಮಾತು ಬೇರೆ. ಅದರ ಮುಂದೆ ಯಾವ ಮರದ ಮಾತೂ ನಡೆಯದು. ಆದರೆ “ಮರ ಹಳತಾಯಿತು” ಎಂಬ ಈ ವಾಕ್ಯ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಬಸವನಗುಡಿಯಲ್ಲಿ, ಚಾಮರಾಜಪೇಟೆಯಲ್ಲಿ, ಮಲ್ಲೇಶ್ವರದಲ್ಲಿ ಹಳೆಯ ಮನೆ ಬಿದ್ದಾಗಲೆಲ್ಲ ಕೇಳಿಬರುವ ವಾಕ್ಯವೇ ಇದು. ಇದು ನಿಜವೆ? ನಿಜವಾಗಿ ಹಳತಾದದ್ದು ಮರವೋ, ಅಥವಾ ಮರವನ್ನು ನೋಡಿಕೊಳ್ಳುವ ಒಂದು ಹಳೆಯ ವಾಡಿಕೆಯೋ?

ಮೊದಲು ಮನೆಗಳ ಕಥೆಯನ್ನು ಸ್ವಲ್ಪ ನೋಡೋಣ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಆಗ ಮೈಸೂರನ್ನು ಆಳುತ್ತಿದ್ದ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಯ ಯೋಜನೆಯೂ ಹೆಚ್ಚು ಕಡಮೆ ಅದೇ ಕಾಲದ್ದು. 1898ರಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಕಿರಿದಾದ ಬೀದಿಗಳಿಂದ ಜನರನ್ನು ಹೊರಕ್ಕೆ ಅಟ್ಟಿತು. ಗಾಳಿ ಬೆಳಕುಗಳಿಗೆ ಅಂದು ಔಷಧದ ಬೆಲೆ ಬಂದಿತ್ತು. ಆದ್ದರಿಂದ ಹೊಸ ಬಡಾವಣೆಯ ಮನೆಗಳಿಗೆ ಅಗಲವಾದ ಜಗಲಿ, ಎತ್ತರದ ಮಾಡು, ದೊಡ್ಡ ಕಿಟಕಿ, ಕಿಟಕಿಯ ಮೇಲೆ ಗಾಳಿಗಂಡಿ, ಸುತ್ತ ಕೈತೋಟ. ಇಷ್ಟಕ್ಕೂ ಮರ ಬೇಕಾಯಿತು: ಜಗಲಿಗೆ ಕಂಬ, ಬೋದಿಗೆ, ತೊಲೆ, ಮಹಡಿಗೆ ಜಂತೆ, ಹೆಂಚಿನ ಮಾಡಿಗೆ ಪಕಾಸಿ, ರೀಪು, ಬಿಸಿಲು ತಡೆಯಲು ಅಡ್ಡಡ್ಡ ಹಾಯಿಸಿದ ಪಟ್ಟಿಗಳ ಜಾಲರಿ. ಇವೆಲ್ಲಕ್ಕೂ ಕಳಸವಿಟ್ಟಂತೆ ‘ಮಂಕಿ ಟಾಪ್’ ಎಂಬ ಬೆಂಗಳೂರಿನ ವಿಶೇಷ. ಕಿಟಕಿಯ ಅಥವಾ ಮುಖಮಂಟಪದ ಮೇಲೆ ತ್ರಿಕೋನಾಕಾರದ ಚಾಚು. ಅದರಿಂದ ಇಳಿಬಿಟ್ಟ ಮರದ ಸಣ್ಣ ಪಟ್ಟಿಗಳ ಸಾಲು. ಪ್ರತಿ ಪಟ್ಟಿಯ ತುದಿಯೂ ಚೂಪು. ಆ ಚೂಪು ಕೇವಲ ಅಲಂಕಾರವೆಂದು ನಾವು ತಿಳಿಯುತ್ತೇವೆ. ಬಡಗಿಯನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ: ಚೂಪಾದ ತುದಿಗೆ ಬಂದ ನೀರು ಅಲ್ಲಿ ನಿಲ್ಲಲಾರದು, ತೊಟ್ಟಿಕ್ಕಿ ಬಿದ್ದುಹೋಗುತ್ತದೆ.

ಇಲ್ಲಿ ಒಂದು ಸಾಕ್ಷಿಯನ್ನು ಕರೆಯಬೇಕು. ಚಾಮರಾಜಪೇಟೆಯ ಪಕ್ಕದಲ್ಲಿಯೇ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನದ ನೆರೆಯಲ್ಲಿ, ಟಿಪ್ಪುವಿನ ಬೇಸಗೆಯ ಅರಮನೆಯಿದೆ. ಹೈದರಾಲಿ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಈ ಕಟ್ಟಡದ ಕಂಬಗಳು, ಕಮಾನುಗಳು, ಉಪ್ಪರಿಗೆಗಳು ಬಹುಮಟ್ಟಿಗೆ ತೇಗದವು. ಮುಂದೆ ಇಂಗ್ಲಿಷರ ಆಡಳಿತದಲ್ಲಿ, 1868ರಲ್ಲಿ ಅಠಾರಾ ಕಚೇರಿಗೆ ಸ್ಥಳಾಂತರವಾಗುವವರೆಗೆ, ಸರ್ಕಾರದ ದಫ್ತರಗಳೇ ಇಲ್ಲಿದ್ದವು. ಎರಡು ಶತಮಾನಗಳನ್ನು ಮೀರಿ, ನಮ್ಮ ಮನೆಗಳ ಮೇಲೆ ಬಿದ್ದ ಮಳೆಯೇ ಆ ಅರಮನೆಯ ಮೇಲೂ ಬಿದ್ದಿದೆ; ಅದು ನಿಂತಿದೆ. ಮಲ್ಲೇಶ್ವರದ ಕಂಬಗಳಿಗೆ ಅದರ ಅರ್ಧ ವಯಸ್ಸು. ಆದ್ದರಿಂದ ವಯಸ್ಸೇ ಮರವನ್ನು ಕೊಲ್ಲುತ್ತದೆಂಬ ವಾದ ಇಲ್ಲಿಗೇ ಬಿದ್ದುಹೋಯಿತು. ಇನ್ನೊಂದನ್ನೂ ಅಲ್ಲಿ ಗಮನಿಸಬಹುದು: ಅರಮನೆಯ ಕಂಬಗಳು ನೆಲದ ಮೇಲೆ ನಿಂತಿಲ್ಲ, ಕಲ್ಲಿನ ಪೀಠಗಳ ಮೇಲೆ ನಿಂತಿವೆ.

ಹಾಗಾದರೆ ಮರ ಕೆಡುವುದು ಹೇಗೆ? ನೀರಿನಿಂದ ಎಂದು ಥಟ್ಟನೆ ಹೇಳಬಹುದು. ಪೂರ್ತಿ ಸರಿಯಲ್ಲ. ಬಾವಿಯ ತಳಕ್ಕೆ ನೆಲ್ಲಿಯ ಮರವನ್ನು ಇಳಿಸುವ ಪದ್ಧತಿ ದಕ್ಷಿಣದಲ್ಲಿ ಉಂಟು. ಸದಾ ನೀರಿನಲ್ಲಿ ಮುಳುಗಿರುವ ಆ ಮರ ಕೊಳೆಯುವುದಿಲ್ಲ. ಸದಾ ಒಣಗಿರುವ ಮರವೂ ಕೊಳೆಯುವುದಿಲ್ಲ. ಕೊಳೆಸುವುದು ಬೂಷ್ಟಿನ ಜಾತಿಯ ಶಿಲೀಂಧ್ರ; ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮರದ ತೇವ ಅದರ ಒಣ ತೂಕದ ನೂರಕ್ಕೆ 20 ಪಾಲು ಮೀರಿದ ಮೇಲೆ ಶಿಲೀಂಧ್ರಕ್ಕೆ ದಾರಿ ತೆರೆಯುತ್ತದೆ. ಅದಕ್ಕೂ ಕೆಳಗಿದ್ದರೆ ಅದು ತಲೆಯೆತ್ತಲಾರದು. ಮರದ ಮೈ ನೀರನ್ನು ಅಷ್ಟು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಬಿಡುವುದು ಕತ್ತರಿಸಿದ ತುದಿ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಹರಿದ ಸಣ್ಣ ನಾಳಗಳೆಲ್ಲ ಅಲ್ಲಿ ಬಾಯಿ ತೆರೆದಿರುತ್ತವೆ. ಆದ್ದರಿಂದ ಕಂಬದ ಬುಡ, ಜಂತೆಯು ಗೋಡೆಯೊಳಕ್ಕೆ ಹೊಕ್ಕ ತುದಿ, ಕಿಟಕಿಯ ಚೌಕಟ್ಟಿನ ಕೆಳಮೂಲೆ, ಎರಡು ಮರ ಕೂಡುವ ಸಂದು — ಕೇಡು ಹುಟ್ಟುವುದು ಈ ನಾಲ್ಕು ಕಡೆ.

ಎರಡನೆಯ ಶತ್ರು ಗೆದ್ದಲು; ಕರಾವಳಿಯವರು ಒರಲೆ ಎನ್ನುತ್ತಾರೆ. ಅದು ಬೆಳಕಿಗೆ ಹೆದರುವ ಕಳ್ಳ. ನೆಲದಿಂದ ಹೊರಟು ಮಣ್ಣಿನ ಸಣ್ಣ ಕೊಳವೆ ಕಟ್ಟಿಕೊಂಡು ಮರವನ್ನು ಸೇರುತ್ತದೆ. ಕಂಬ ನೆಲದಲ್ಲಿ ಹೂತಿದ್ದರೆ ಅದು ಬಂದದ್ದೂ ಕಾಣದು, ತಿಂದದ್ದೂ ಕಾಣದು. ನಡುವೆ ಒಂದು ಕಲ್ಲಿದ್ದರೆ ಕಲ್ಲಿನ ಮೈಮೇಲೆಯೇ ಅದು ದಾರಿ ಕಟ್ಟಬೇಕು; ಕಣ್ಣಿಗೆ ಬೀಳುತ್ತದೆ. ಕಲ್ಲಿನ ಪೀಠ ಗೆದ್ದಲನ್ನು ತಡೆಯುವುದಿಲ್ಲ, ಅದನ್ನು ಬಯಲಿಗೆ ಎಳೆಯುತ್ತದೆ. ಬಯಲಿಗೆ ಬಂದದ್ದನ್ನು ನೋಡಿ ಒಡೆದುಹಾಕಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯ ವರುಷಕ್ಕೊಮ್ಮೆಯಾದರೂ ಬಗ್ಗಿ ನೋಡಬೇಕು. ನಮ್ಮ ಹಿರಿಯರು ಕಟ್ಟಿದ ಮನೆಗಳಲ್ಲೆಲ್ಲ ಈ ಒಂದು ನಂಬಿಕೆ ಅಡಗಿದೆ: ಮುಂದೆ ಇಲ್ಲಿ ಇರುವವರು ಬಗ್ಗಿ ನೋಡುತ್ತಾರೆ ಎಂಬ ನಂಬಿಕೆ.

ಬಗ್ಗಿ ನೋಡುವ ವಾಡಿಕೆಯನ್ನು ಅದರ ಪೂರ್ಣರೂಪದಲ್ಲಿ ಕಾಣಬೇಕಾದರೆ ಘಟ್ಟ ಇಳಿಯಬೇಕು. ಬೆಂಗಳೂರಿನಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು ಒಂದು ಸಾವಿರ ಮಿಲಿಮೀಟರು. ಮಂಗಳೂರಿನಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು, ಅದರಲ್ಲೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ. ಸಾಲದ್ದಕ್ಕೆ ಕಡಲಿನ ಉಪ್ಪುಗಾಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಮರದ ಮನೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕಿಲ್ಲ. ಆದರೂ ತಲೆಮಾರುಗಳನ್ನು ಕಂಡ ಮರದ ಚಾವಡಿಗಳು ಅಲ್ಲಿ ನಿಂತಿವೆ.

ಕಾರಣ, ಅಲ್ಲಿ ಮಳೆಗೆ ಮುಂಚಿನ ಕೆಲಸಕ್ಕೆ ಒಂದು ಗಡುವು ಇತ್ತು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವನ್ನು ಪತ್ತನಾಜೆ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಮೇ ತಿಂಗಳ 24-25ರ ಸುಮಾರು. ಅಂದಿಗೆ ಕೋಲ, ಜಾತ್ರೆಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಘಟ್ಟದ ಮೇಲಿನ ನಮ್ಮ ರೈತರು ರೋಹಿಣಿ ಮಳೆಯನ್ನು ಎಣಿಸುವುದೂ ಆ ದಿನಗಳಿಂದಲೇ. ದೈವಗಳೇ ರಜ ತೆಗೆದುಕೊಂಡ ಮೇಲೆ ಮನುಷ್ಯನಿಗೆ ಮನೆಯ ಕೆಲಸ ಬಿಟ್ಟು ಬೇರೇನಿದೆ? ಮಾಡು ಹತ್ತಿ ಹೆಂಚು ಕೈಯಾಡಿಸಬೇಕು. ಒಡೆದದ್ದನ್ನು ತೆಗೆದು ಹೊಸದನ್ನು ಕೂರಿಸಬೇಕು. ಮಾಡಿನ ಮೂಲೆಯಲ್ಲಿ ಸೇರಿದ ತರಗೆಲೆಯನ್ನು ಗುಡಿಸಬೇಕು. ನೈರುತ್ಯದಿಂದ ಎರಚುವ ಮಳೆಗೆ ಎದುರಾಗಿ ಜಗಲಿಗೂ ಗೋಡೆಗೂ ತೆಂಗಿನ ಮಡಲಿನ ತಟ್ಟಿ ಕಟ್ಟಬೇಕು. ಹಟ್ಟಿಯ ಗೂಟ, ಅಂಗಳದ ಚಪ್ಪರದ ಅಡಕೆಯ ಕಂಬ, ಬೇಲಿಯ ಉಣುಗೋಲು, ತಡಮೆ, ಬಾವಿಯ ರಾಟೆಯ ಅಡ್ಡಮರ ಇವುಗಳನ್ನೆಲ್ಲ ಅಲ್ಲಾಡಿಸಿ ನೋಡಬೇಕು. ಚಪ್ಪರದಂಥದನ್ನು ಬಿಚ್ಚಿ, ಅದರ ಮರವನ್ನು ಒಳಗೆ ಅಟ್ಟಕ್ಕೆ ಏರಿಸಬೇಕು. ಉಳಿಯಬೇಕಾದ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ. ಮೈಗೆ ತಾಕಿದರೆ ಸುಡುವ ಆ ಕಪ್ಪು ಎಣ್ಣೆಗೆ ಒರಲೆಯೂ ಹತ್ತಿರ ಬರುವುದಿಲ್ಲ. ಕಡಲ ಬದಿಯಲ್ಲಿ ದೋಣಿಗಳನ್ನು ಮರಳ ಮೇಲಕ್ಕೆ ಎಳೆದು ಮೀನೆಣ್ಣೆ ಬಳಿಯುತ್ತಿದ್ದರು. ಇಂದು ಬಹಳ ದೋಣಿಗಳು ಫೈಬರಿನವು. ಆದರೂ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆಯ ನಿಷೇಧದ ಕಾಲದಲ್ಲಿ ಮರದ ದೋಣಿಗಳ ರಿಪೇರಿ ಈಗಲೂ ನಡೆಯುತ್ತದೆ.

ಇದರ ಜೊತೆಗೆ ಯಾರೂ ಕೆಲಸವೆಂದು ಎಣಿಸದ ಒಂದು ಕೆಲಸ ದಿನವೂ ನಡೆಯುತ್ತಿತ್ತು. ಒಲೆಯ ಹೊಗೆ. ಮಳೆಗಾಲವಿಡೀ ಅಡಿಗೆಮನೆಯಿಂದ ಎದ್ದ ಹೊಗೆ ಅಟ್ಟದ ಮೂಲಕ ಹಾದು ಹೆಂಚಿನ ಸಂದಿಯಿಂದ ಹೊರಹೋಗುವಾಗ ಪಕಾಸಿಗಳನ್ನು ಒಣಗಿಸಿ, ಮಸಿಯ ಲೇಪ ಕೊಟ್ಟು, ಹುಳುವನ್ನು ದೂರವಿಡುತ್ತಿತ್ತು. ಅಡಿಗೆ ಮಾಡಿದ ಹೆಂಗಸರ ಕಣ್ಣುಗಳು ಆ ಉಪಕಾರದ ಬೆಲೆ ತೆತ್ತವು ಎಂಬುದನ್ನೂ ಮರೆಯಬಾರದು. ಗ್ಯಾಸ್ ಒಲೆ ಬಂದದ್ದು ಒಳ್ಳೆಯದೇ ಆಯಿತು. ಹೊಗೆ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ನಾವು ಮಾಡಬೇಕು ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಕರಾವಳಿಗೂ ಮಲ್ಲೇಶ್ವರಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ತಲೆಯ ಮೇಲೆಯೇ ಇದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದರೊಳಗೊಂದು ಕೊಂಡಿ ಹಾಕಿಕೊಂಡು ಕೂರುವ ಆ ಕೆಂಪು ಹೆಂಚು ಘಟ್ಟ ಹತ್ತಿ ಬಂದು ಬೆಂಗಳೂರಿನ ಬಡಾವಣೆಗಳಿಗೆ ಬಣ್ಣ ಕೊಟ್ಟಿತು. ಹೆಂಚಿನ ಹಿಂದೆಯೇ ಜನರೂ ಬಂದರು. ಓದಿಗೂ ನೌಕರಿಗೂ ಬಂದ ದಕ್ಷಿಣ ಕನ್ನಡ, ಉತ್ತರ ಕನ್ನಡದ ಅನೇಕ ಕುಟುಂಬಗಳು ಮಲ್ಲೇಶ್ವರದಲ್ಲಿ ನೆಲಸಿದವು. ಅಲ್ಲಿನ ಕೆನರಾ ಯೂನಿಯನ್, ಚಿತ್ರಾಪುರ ಸಾರಸ್ವತರ ಮಠ ಇಂದಿಗೂ ಅದರ ಗುರುತುಗಳು. ಇಂಥವರ ಮನೆಯಲ್ಲಿ ಮೇ ತಿಂಗಳು ಬಂತೆಂದರೆ ಹಿರಿಯರೊಬ್ಬರು ಆಕಾಶ ನೋಡಿ, ಆಮೇಲೆ ಮಾಡು ನೋಡುವುದು ರೂಢಿಯಾಗಿತ್ತು. ಊರಿನ ಭಯ ಅಷ್ಟು ಬೇಗ ಹೋಗುವಂಥದಲ್ಲ.

ಬೆಂಗಳೂರಿನ ಇತರರಿಗೂ ತಮ್ಮದೇ ಆದ ವಾಡಿಕೆ ಇತ್ತು. ಯುಗಾದಿಗೆ ಸುಣ್ಣ ಬಳಿಯುವುದು. ಅದಕ್ಕೆ ಮುಂಚೆ ಸಾಮಾನೆಲ್ಲ ಹೊರಗೆ ಹಾಕಿ ಜೇಡ ತೆಗೆಯುವುದು. ಬಾಗಿಲು, ಕಿಟಕಿ, ಕಂಬಗಳನ್ನು ಉಜ್ಜಿ ಅಗಸೆ ಎಣ್ಣೆ ಸವರುವುದು. ಅಗಸೆ ಎಣ್ಣೆ ಗಾಳಿಯನ್ನು ಹೀರಿಕೊಂಡು ಮರದೊಳಗೇ ಗಟ್ಟಿಯಾಗುವ ಜಾತಿಯದು. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳುವುದುಂಟು. ಬಯಲಿನಲ್ಲಿ ಹರಡಿ ಒಣಗಿಸಬೇಕು. ಹೊಸ್ತಿಲಿಗಂತೂ ವರುಷದ ಲೆಕ್ಕವಿಲ್ಲ, ದಿನದ ಲೆಕ್ಕ. ಬೆಳಗಾದರೆ ಅದನ್ನು ತೊಳೆದು ಅರಿಶಿನ ಕುಂಕುಮ ಇಡುತ್ತಿದ್ದರು. ಮನೆಯಲ್ಲಿ ಅತಿ ಹೆಚ್ಚು ನೀರು ಬಿದ್ದ ಮರ ಹೊಸ್ತಿಲು. ಅನೇಕ ಮನೆಗಳಲ್ಲಿ ಕೊನೆಯವರೆಗೆ ಗಟ್ಟಿಯಾಗಿ ಉಳಿದ ಮರವೂ ಅದೇ. ಗಟ್ಟಿಮರವನ್ನು ಆರಿಸಿದ್ದು ಒಂದು ಕಾರಣ. ದಿನವೂ ಒಬ್ಬರ ಕೈ ಅದನ್ನು ಮುಟ್ಟುತ್ತಿತ್ತು, ಅದಕ್ಕೇನಾದರೂ ಆದರೆ ಆ ದಿನವೇ ತಿಳಿಯುತ್ತಿತ್ತು ಎಂಬುದು ಇನ್ನೊಂದು.

ಇಷ್ಟಿದ್ದೂ ಬೆಂಗಳೂರಿನ ಮರ ಸೋತದ್ದೇಕೆ? ನನಗೆ ತೋರುವ ಮಟ್ಟಿಗೆ, ನಮ್ಮ ಹವೆ ಒಳ್ಳೆಯದಾಗಿದ್ದೇ ಕೇಡಾಯಿತು. ಕರಾವಳಿಯಲ್ಲಿ ಒಂದು ವರುಷ ಮಾಡನ್ನು ಮರೆತರೆ ಆಷಾಢದೊಳಗೆ ಮನೆಯೊಳಗೆ ಕೊಡೆ ಹಿಡಿಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಮರೆತರೆ ಏನೂ ಆಗುವುದಿಲ್ಲ. ಎರಡು ವರುಷ ಮರೆತರೂ ಆಗುವುದಿಲ್ಲ. ಇಲ್ಲಿಯ ಮಳೆ ಹೆದರಿಸುವುದಿಲ್ಲ. ಮೇ ತಿಂಗಳಲ್ಲಿ ಗುಡುಗಿನೊಡನೆ ನಾಲ್ಕು ದಿನ ಬಂದು, ಬಿಸಿಲಿಗೆ ಜಾಗ ಬಿಟ್ಟು, ನಡುವೆ ಸೋನೆಯಾಗಿ ಸುರಿದು, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಮತ್ತೆ ಜೋರಾಗುತ್ತದೆ. ನೆನೆ, ಒಣಗು, ಮತ್ತೆ ನೆನೆ, ಮತ್ತೆ ಒಣಗು. ಒಣಗಿದಾಗ ಮರ ಬಿರಿಯುತ್ತದೆ. ಬಿರುಕಿಗೆ ಮುಂದಿನ ಮಳೆ ಇಳಿಯುತ್ತದೆ. ಒಂದು ಹೆಂಚನ್ನು ಬೆಕ್ಕೋ ಕೋತಿಯೋ ಸರಿಸಿದರೆ, ಅದರಡಿಯ ಪಕಾಸಿ ಹತ್ತು ವರುಷ ಸದ್ದಿಲ್ಲದೆ ನೆನೆಯುತ್ತದೆ. ಕರಾವಳಿಯ ಮಳೆ ಬಾಗಿಲು ಬಡಿದು ಬರುವ ಸಾಲಗಾರ. ಬೆಂಗಳೂರಿನದು ಬಡ್ಡಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಿರುವ ಸಾಲಗಾರ.

ಗಡುವಿಲ್ಲದ ಕೆಲಸ ಮೊದಲು ಮುಂದಕ್ಕೆ ಹೋಗುತ್ತದೆ, ಆಮೇಲೆ ಯಾರದೂ ಅಲ್ಲದ ಕೆಲಸವಾಗುತ್ತದೆ. ಮನೆ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು. ಮಾಡು ಮಾತ್ರ ಒಂದೇ ಉಳಿಯಿತು. ಬಾಡಿಗೆಯವರು ಮಾಲೀಕರು ಮಾಡಿಸಲಿ ಎಂದರು. ಮಾಲೀಕರು ಇರುವವರು ಮಾಡಿಸಿಕೊಳ್ಳಲಿ ಎಂದರು. ಹೆಂಚು ಕೈಯಾಡಿಸುವವರು ಸಿಗದಾದರು; ಬಡಗಿಗಳು ಪ್ಲೈವುಡ್ಡಿನ ಕಪಾಟಿನ ಕಡೆ ತಿರುಗಿದರು. ಅವರಿಗೂ ಹೊಟ್ಟೆಯಿದೆ, ತಪ್ಪೆನ್ನುವಂತಿಲ್ಲ.

ಇದಕ್ಕಿಂತ ಹೆಚ್ಚಿನ ಹಾನಿ ಮಾಡಿದ್ದು ನಮ್ಮ ಸದುದ್ದೇಶದ ರಿಪೇರಿಗಳು. ವರುಷ ವರುಷದ ಎಣ್ಣೆಯ ರಗಳೆ ಬೇಡವೆಂದು ದಪ್ಪನಾದ ಬಣ್ಣ ಬಳಿಸಿದೆವು. ಬಣ್ಣ ಬಿರಿದ ಕಡೆ ನೀರು ಒಳಹೊಕ್ಕಿತು. ಹೊರಬರಲು ಅದೇ ಬಣ್ಣ ಬಿಡಲಿಲ್ಲ. ಹೊರಗೆ ಮಿನುಗುವ ಕಂಬ, ಒಳಗೆ ಹಸಿ. ಸುಣ್ಣದ ಗಾರೆ ಉಸಿರಾಡುವ ಗಾರೆ; ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಅದನ್ನು ಕೆತ್ತಿ ಸಿಮೆಂಟು ಮೆತ್ತಿದೆವು. ಜಂತೆಯ ತುದಿಗಳು ಗೋಡೆಯೊಳಗೆ ಬಂದಿಗಳಾದವು. ಜಗಲಿಗೆ ಹೊಸ ನೆಲ ಹಾಕಿಸುವಾಗ ಎರಡಂಗುಲ ಎತ್ತರಿಸಿ, ಕಂಬದ ಕೆಳಗಿನ ಕಲ್ಲನ್ನು ಮುಚ್ಚಿ, ಮರದ ಬುಡವನ್ನೇ ನೆಲಕ್ಕೆ ತಾಗಿಸಿದೆವು. ಅಂದು ಮಲ್ಲೇಶ್ವರದಲ್ಲಿ ನಾನು ಕಂಡ ಆ ಕೊಳೆತ ಗೇಣು ಹೀಗೆಯೇ ಹುಟ್ಟಿತ್ತು. ಕಿತ್ತ ಜಾಗದಲ್ಲಿ ಮೊಸಾಯಿಕ್ಕಿನ ನೆಲದ ಕೆಳಗೆ ಪೀಠದ ಕಲ್ಲು ಹಾಗೆಯೇ ಕುಳಿತಿತ್ತು.

ಇದು ನಮ್ಮೊಬ್ಬರ ಕಥೆಯಲ್ಲ. ನಾರ್ವೆ ದೇಶದಲ್ಲಿ ಮೊದಮೊದಲು ಕಂಬಗಳನ್ನು ನೆಲದಲ್ಲಿ ಹೂತು ಮರದ ಚರ್ಚುಗಳನ್ನು ಕಟ್ಟಿದರು. ಬುಡ ಕೊಳೆತು ಅವು ಹೋದವು. ಆಮೇಲೆ ಕಲ್ಲಿನ ಮೇಲೆ ತೊಲೆಯಿಟ್ಟು ಅದರ ಮೇಲೆ ಕಂಬ ನಿಲ್ಲಿಸಿದರು. ಹಾಗೆ ಕಟ್ಟಿದವುಗಳಲ್ಲಿ ಸುಮಾರು 28 ಉಳಿದಿವೆ. ಬೋರ್ಗುಂಡಿನ ಚರ್ಚು 12ನೆಯ ಶತಮಾನದ ಕೊನೆಯದು. ಪೈನ್ ಮರದಿಂದ ಇಳಿಸಿದ ಡಾಂಬರನ್ನು ಅವುಗಳಿಗೆ ಮತ್ತೆ ಮತ್ತೆ ಬಳಿಯುತ್ತ ಬಂದಿದ್ದಾರೆ. ಜಪಾನಿನ ಇಸೆ ದೇವಾಲಯದ್ದು ಇನ್ನೊಂದು ದಾರಿ: 20 ವರುಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ದೇವಾಲಯವನ್ನು ಮರದಿಂದ ಹೊಸದಾಗಿಯೇ ಕಟ್ಟುತ್ತಾರೆ; ಈಚಿನದು 2013ರಲ್ಲಿ ನಡೆಯಿತು. ಒಂದು ಕಡೆ ಮರವನ್ನು ಉಳಿಸಿದರು, ಇನ್ನೊಂದು ಕಡೆ ಮರಗೆಲಸವನ್ನು ಉಳಿಸಿದರು. ಎರಡು ಕಡೆಯೂ ಉಳಿಸಿದ್ದು ದಿನ ತಪ್ಪದ ಒಂದು ಕಟ್ಟಳೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹೆರಿಟೇಜ್ ವಿಲೇಜನ್ನು ನೋಡಿದವರಿಗೆ ಇನ್ನೊಂದು ಸಂಗತಿ ತಿಳಿದಿರುತ್ತದೆ. ಬೀಳಲಿದ್ದ ಹಳೆಯ ಮನೆಗಳನ್ನು ಅವರು ಬಿಚ್ಚಿ, ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ಸಂದು ಸಂದಿಗೆ ಗೂಟ ಹೊಡೆದು ಕೂಡಿಸಿದ ಮರದ ಮನೆಯಾದ್ದರಿಂದಲೇ ಇದು ಸಾಧ್ಯ. ಮರದ ಮನೆಯಲ್ಲಿ ಕೆಟ್ಟ ಭಾಗವನ್ನಷ್ಟೇ ತೆಗೆಯಬಹುದು. ಕೊಳೆತ ಗೇಣನ್ನು ಕತ್ತರಿಸಿ, ಅಷ್ಟೇ ಎತ್ತರದ ಕಲ್ಲನ್ನು ಕೆಳಗಿಟ್ಟು, ಅದೇ ಕಂಬವನ್ನು ಇನ್ನೊಂದು ನೂರು ವರುಷ ದುಡಿಸಬಹುದು. ಒಬ್ಬ ಬಡಗಿ, ಒಬ್ಬ ಕಲ್ಲುಕುಟಿಗ, ಮಾಡಿಗೆ ಊರೆ ಕೊಡಲು ಎರಡು ಮರ, ನಾಲ್ಕು ದಿನದ ಕೂಲಿ. ಅಂದು ಗರಗಸದ ಆಳು ಮಾಡುತ್ತಿದ್ದುದು ಆ ಕೆಲಸದ ಅರ್ಧವನ್ನೇ. ಇನ್ನರ್ಧವನ್ನು ಮಾಡಿಸುವವರು ಯಾರೂ ಇರಲಿಲ್ಲ.

ಹಳೆಯ ಮನೆ ಇನ್ನೂ ಇರುವ ವಾಚಕರಲ್ಲಿ ಒಂದು ವಿಜ್ಞಾಪನೆ. ಬರುವ ವೈಶಾಖದಲ್ಲಿ ಒಂದು ಭಾನುವಾರವನ್ನು ಗೊತ್ತುಮಾಡಿಕೊಳ್ಳಿ. ಹಬ್ಬದಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಸಣ್ಣ ಚಾಕು ಹಿಡಿದು ಕಂಬದ ಬುಡದ ಬಳಿ ಕುಳಿತುಕೊಳ್ಳಿ. ತುದಿಯನ್ನು ಮೆಲ್ಲಗೆ ಒತ್ತಿ. ಗಟ್ಟಿಮರ ತಡೆಯುತ್ತದೆ, ಕೆಟ್ಟದ್ದು ಒಳಕ್ಕೆ ಬಿಡುತ್ತದೆ. ಬೆರಳಿನಿಂದ ತಟ್ಟಿ, ಗೆದ್ದಲು ತಿಂದದ್ದಾದರೆ ಪೊಳ್ಳು ಸದ್ದು ಬರುತ್ತದೆ. ನೆಲದಿಂದ ಎದ್ದ ಮಣ್ಣಿನ ಕೊಳವೆ ಕಂಡರೆ ಒಡೆದು, ಅದು ಬಂದ ದಾರಿಯನ್ನು ಹುಡುಕಿಸಿ. ಮಾಡಿನ ಕೆಳಗೆ ನಿಂತು ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡ ಕಡೆ ನೀರಿಗೂ ದಾರಿಯಿದೆ. ಆ ದಿನ ಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಅವರು ಕಲಿಯಬೇಕಾದದ್ದು ಬಡಗಿಯ ವಿದ್ಯೆಯಲ್ಲ. ಬಗ್ಗಿ ನೋಡುವುದು, ಅಷ್ಟೇ.

ಆ ರಸ್ತೆಯಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಆ ನಾಲ್ಕು ಕಂಬಗಳು ಎಲ್ಲಿಗೆ ಹೋದವೋ, ಯಾವ ಹೋಟೆಲಿನ ಮುಂಭಾಗಕ್ಕೆ ಒಂದೊಂದು ಗೇಣು ಗಿಡ್ಡವಾಗಿ ನಿಂತಿವೆಯೋ ತಿಳಿಯದು. ಎಲ್ಲಿದ್ದರೂ, ಬುಡಕ್ಕೊಂದು ಕಲ್ಲಿದ್ದರೆ, ಅವು ನಮಗಿಂತ ಹೆಚ್ಚು ಕಾಲ ಇರುತ್ತವೆ.